ಅಲಿಸ್ಟರ್ ಹಾರ್ಡಿ

ಸರ್ ಅಲಿಸ್ಟರ್ ಕ್ಲಾವರಿಂಗ್ ಹಾರ್ಡಿ (10 ಫೆಬ್ರವರಿ 1896 – 22 ಮೇ 1985) ಇಂಗ್ಲೆಂಡಿನ ಪ್ರಸಿದ್ಧ ಪ್ರಾಣಿವಿಜ್ಞಾನಿ ಮತ್ತು ಸಾಗರಜೀವಿ ಶಾಸ್ತ್ರಜ್ಞ. ಸಮುದ್ರದ ಪ್ರವಾಹಗಳೊಡನೆ ತೇಲುತ್ತ ಸಾಗುವ ಪ್ಲವಕಗಳನ್ನು, ಅಂದರೆ ಪ್ಲಾಂಕ್ಟನ್ ಎಂದು ಕರೆಯಲಾಗುವ ಸಣ್ಣ ಜೀವಿಗಳನ್ನು, ಸಾವಿರಾರು ಮೈಲಿಗಳ ಉದ್ದಕ್ಕೂ ಎಡೆಬಿಡದೆ ಸಂಗ್ರಹಿಸುವ 'ಕಂಟಿನ್ಯುಯಸ್ ಪ್ಲಾಂಕ್ಟನ್ ರೆಕಾರ್ಡರ್' ಎಂಬ ಯಂತ್ರವನ್ನು ಇವರು ರೂಪಿಸಿದರು. ಈ ಯಂತ್ರವನ್ನು ಸಾಮಾನ್ಯ ವ್ಯಾಪಾರಿ ಹಡಗುಗಳ ಹಿಂದೆ ಕಟ್ಟಿ 1931ರಲ್ಲಿ ಇವರು ಆರಂಭಿಸಿದ ಸಮೀಕ್ಷೆ ಇಂದಿಗೂ ನಡೆಯುತ್ತಿದೆ. ಋತುವಿನಿಂದ ಋತುವಿಗೆ, ವರ್ಷದಿಂದ ವರ್ಷಕ್ಕೆ ಸಮುದ್ರದ ಪ್ರಾಣಿಪ್ಲವಕಗಳಲ್ಲಿ ಆಗುವ ಏರಿಳಿತಗಳನ್ನು ತಿಳಿಸುವ ಅತಿ ದೀರ್ಘಕಾಲದ ದಾಖಲೆಗಳಲ್ಲಿ ಇದು ಒಂದು. ಹಲ್, ಅಬರ್ಡೀನ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಪ್ರಾಧ್ಯಾಪಕರಾಗಿದ್ದ ಹಾರ್ಡಿಯವರು ಚಿತ್ರಕಾರರೂ ಜನಪ್ರಿಯ ವಿಜ್ಞಾನ ಲೇಖಕರೂ ಆಗಿದ್ದರು. ಜೀವನದ ಕೊನೆಯ ಭಾಗವನ್ನು ಮನುಷ್ಯನ ಧಾರ್ಮಿಕ ಅನುಭವಗಳ ಅಧ್ಯಯನಕ್ಕೆ ಮೀಸಲಿಟ್ಟರು.

ಜನನ, ಬಾಲ್ಯ ಮತ್ತು ಶಿಕ್ಷಣ

ಹಾರ್ಡಿಯವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದಲ್ಲಿ ಜನಿಸಿದರು. ತಂದೆ ರಿಚರ್ಡ್ ಹಾರ್ಡಿ ವಾಸ್ತುಶಿಲ್ಪಿಯಾಗಿದ್ದರು, ತಾಯಿ ಎಲಿಜಬೆತ್. ಮೂವರು ಗಂಡುಮಕ್ಕಳಲ್ಲಿ ಅಲಿಸ್ಟರ್ ಕಿರಿಯರು. ಬಾಲ್ಯದಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ಔಂಡ್ಲ್ ಶಾಲೆಯಲ್ಲಿ ಓದು ಮುಗಿಸಿ 1914ರಲ್ಲಿ ಆಕ್ಸ್‌ಫರ್ಡ್‌ನ ಎಕ್ಸಿಟರ್ ಕಾಲೇಜನ್ನು ಸೇರುವ ಹೊತ್ತಿಗೆ ಮೊದಲ ಮಹಾಯುದ್ಧ ಆರಂಭವಾಯಿತು. ಹಾರ್ಡಿ ಓದನ್ನು ಅಲ್ಲಿಗೇ ನಿಲ್ಲಿಸಿ ಸೈನ್ಯವನ್ನು ಸೇರಿದರು.

ಸೈಕಲ್ ದಳವೊಂದರಲ್ಲಿ ಅಧಿಕಾರಿಯಾಗಿ ಕರಾವಳಿಯ ಕಾವಲಿನಲ್ಲಿ ತೊಡಗಿದ್ದ ಅವರು, ಚಿತ್ರಕಲೆ ಬಲ್ಲವರೆಂಬ ಕಾರಣದಿಂದ ಮರೆವೇಷ ವಿದ್ಯೆಯ, ಅಂದರೆ ಸೈನ್ಯದ ನೆಲೆಗಳೂ ಸಲಕರಣೆಗಳೂ ಶತ್ರುವಿನ ಕಣ್ಣಿಗೆ ಬೀಳದಂತೆ ಬಣ್ಣ ಮತ್ತು ಆಕಾರಗಳಿಂದ ಮರೆಮಾಡುವ ವಿದ್ಯೆಯ ತರಬೇತಿಗೆ ಆಯ್ಕೆಯಾದರು. ಅಲ್ಲಿ ಸಾಲೊಮನ್ ಜೆ. ಸಾಲೊಮನ್ ಎಂಬ ಹೆಸರಾಂತ ಚಿತ್ರಕಾರರ ಬಳಿ ಕಲಿತರು. ಯುದ್ಧದಿಂದ ಜೀವಂತವಾಗಿ ಹಿಂದಿರುಗಿದರೆ ಜೀವವಿಕಾಸವಾದಕ್ಕೂ ಮನುಷ್ಯನ ಅಧ್ಯಾತ್ಮಕ್ಕೂ ನಡುವೆ ಹೊಂದಾಣಿಕೆಯನ್ನು ಹುಡುಕುವ ಕೆಲಸಕ್ಕೆ ತಮ್ಮನ್ನು ಒಪ್ಪಿಸಿಕೊಳ್ಳುವುದಾಗಿ ಆ ದಿನಗಳಲ್ಲಿ ಅವರು ಮನಸ್ಸಿನಲ್ಲಿ ಪ್ರತಿಜ್ಞೆ ಮಾಡಿದ್ದರು. ಈ ಪ್ರತಿಜ್ಞೆ ಫಲ ಕೊಟ್ಟದ್ದು ಸುಮಾರು ಅರ್ಧ ಶತಮಾನದ ನಂತರ.

1919ರಲ್ಲಿ ಆಕ್ಸ್‌ಫರ್ಡ್‌ಗೆ ಮರಳಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡರು. ಜೂಲಿಯನ್ ಹಕ್ಸ್‌ಲಿ ಅವರ ಗುರುಗಳಲ್ಲಿ ಒಬ್ಬರು. ಪದವಿಯ ನಂತರ ವಿದ್ಯಾರ್ಥಿವೇತನ ಪಡೆದು ಇಟಲಿಯ ನೇಪಲ್ಸ್‌ನ ಪ್ರಖ್ಯಾತ ಸಾಗರಜೀವಿ ಸಂಶೋಧನಾಲಯದಲ್ಲಿ ಕೆಲವು ಕಾಲ ಅಧ್ಯಯನ ನಡೆಸಿದರು.

ಲೋಸ್ಟಾಫ್ಟ್ ಮತ್ತು ಹೆರಿಂಗ್ ಮೀನಿನ ಅಧ್ಯಯನ

1921ರಲ್ಲಿ ಹಾರ್ಡಿ ಇಂಗ್ಲೆಂಡಿನ ಪೂರ್ವ ಕರಾವಳಿಯ ಲೋಸ್ಟಾಫ್ಟ್‌ನಲ್ಲಿದ್ದ ಸರ್ಕಾರಿ ಮೀನುಗಾರಿಕಾ ಪ್ರಯೋಗಾಲಯದಲ್ಲಿ ಸಹಾಯಕ ಪ್ರಕೃತಿವಿಜ್ಞಾನಿಯಾಗಿ ಸೇರಿದರು. ಆ ಕಾಲದಲ್ಲಿ ಲೋಸ್ಟಾಫ್ಟ್ ಮತ್ತು ಪಕ್ಕದ ಯಾರ್ಮತ್ ಬಂದರುಗಳು ಹೆರಿಂಗ್ ಮೀನಿನ ವ್ಯಾಪಾರಕ್ಕೆ ಹೆಸರಾಗಿದ್ದವು. ಹೆರಿಂಗ್, ನಮ್ಮ ಕರಾವಳಿಯ ಬೂತಾಯಿ ಅಥವಾ ಬೈಗೆ ಮೀನಿನ ವರ್ಗಕ್ಕೆ ಹತ್ತಿರದ, ಗುಂಪುಗುಂಪಾಗಿ ಸಾಗುವ ಮೀನು. ಬೇಸಿಗೆಯ ಆರಂಭದಲ್ಲಿ ಸ್ಕಾಟ್ಲೆಂಡಿನ ಉತ್ತರದ ಶೆಟ್ಲೆಂಡ್ ದ್ವೀಪಗಳ ಬಳಿ ಮೊದಲಾಗುತ್ತಿದ್ದ ಮೀನುಗಾರಿಕೆ, ತಿಂಗಳುಗಳು ಕಳೆದಂತೆ ದಕ್ಷಿಣಕ್ಕೆ ಸರಿದು ಶರತ್ಕಾಲದಲ್ಲಿ ಲೋಸ್ಟಾಫ್ಟ್ ತಲಪುತ್ತಿತ್ತು. ದೋಣಿಗಳ ಹಿಂದೆಯೇ ಮೀನನ್ನು ಸೀಳಿ ಉಪ್ಪು ಹಾಕುವ ಸ್ಕಾಟಿಷ್ ಹೆಂಗಸರ ತಂಡಗಳೂ ಬಂದರಿನಿಂದ ಬಂದರಿಗೆ ಸಾಗುತ್ತಿದ್ದವು. ಒಂದು ವರ್ಷ ಬಲೆ ತುಂಬಿದರೆ ಇನ್ನೊಂದು ವರ್ಷ ಬರಿದಾಗುತ್ತಿತ್ತು. ಇದರ ಕಾರಣ ಯಾರಿಗೂ ತಿಳಿದಿರಲಿಲ್ಲ.

ಹಾರ್ಡಿ ಈ ಪ್ರಶ್ನೆಯನ್ನು ಮೀನಿನ ಹೊಟ್ಟೆಯಿಂದ ಆರಂಭಿಸಿದರು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ತಿಂಗಳುಗಳಲ್ಲಿ ಹಿಡಿದ ಹೆರಿಂಗ್‌ಗಳ ಜಠರವನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿ, ಅವು ಏನನ್ನು ತಿಂದಿವೆ ಎಂದು ಪಟ್ಟಿ ಮಾಡಿದರು. ಮರಿಗಳು ಅತಿ ಸಣ್ಣ ಪ್ಲವಕಗಳನ್ನು ತಿಂದರೆ, ಬೆಳೆದ ಮೀನಿನ ಮುಖ್ಯ ಆಹಾರಗಳಲ್ಲಿ ಕ್ಯಾಲನಸ್ ಎಂಬ, ಅಕ್ಕಿಯ ನುಚ್ಚಿನಷ್ಟು ಗಾತ್ರದ ಕೋಪಿಪಾಡ್ ಜಾತಿಯ ಪ್ರಾಣಿ ಸೇರಿತ್ತು. 1924ರಲ್ಲಿ ಪ್ರಕಟವಾದ ವರದಿಯಲ್ಲಿ ಹಾರ್ಡಿ ಹೆರಿಂಗ್‌ನ ಆಹಾರ ಸಂಬಂಧಗಳನ್ನು ಒಂದೇ ಚಿತ್ರದಲ್ಲಿ ತೋರಿಸಿದರು. ಕೆಳಗೆ ಸಸ್ಯಪ್ಲವಕ, ಅದನ್ನು ತಿನ್ನುವ ಪ್ರಾಣಿಪ್ಲವಕ, ಮೇಲೆ ಮೀನಿನ ವಿವಿಧ ಹಂತಗಳು ಮತ್ತು ಇವೆಲ್ಲವನ್ನೂ ಜೋಡಿಸುವ ಹಲವು ಗೆರೆಗಳಿದ್ದ ಆ ಚಿತ್ರ, ಆಹಾರ ಜಾಲದ ಆರಂಭಿಕ ಚಿತ್ರಗಳಲ್ಲಿ ಒಂದೆಂದು ಪರಿಸರ ವಿಜ್ಞಾನದ ಪಠ್ಯಗಳಲ್ಲಿ ಪ್ರಸಿದ್ಧವಾಗಿದೆ.

ಡಿಸ್ಕವರಿ ಯಾತ್ರೆ (1925–1927)

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ಸುತ್ತ ತಿಮಿಂಗಿಲಗಳ ಬೇಟೆ ಭಾರೀ ಪ್ರಮಾಣದಲ್ಲಿ ನಡೆಯುತ್ತಿತ್ತು. ಹೀಗೆಯೇ ಮುಂದುವರಿದರೆ ತಿಮಿಂಗಿಲಗಳು ಉಳಿಯುವುದಿಲ್ಲ ಎಂಬ ಆತಂಕದಿಂದ ಬ್ರಿಟಿಷ್ ಸರ್ಕಾರ ಅವುಗಳ ಜೀವನವನ್ನು ವೈಜ್ಞಾನಿಕವಾಗಿ ತಿಳಿಯಲು ಒಂದು ಸಂಶೋಧನಾ ಯೋಜನೆಯನ್ನು ಹಮ್ಮಿಕೊಂಡಿತು. ಇದರ ವೆಚ್ಚವನ್ನು ತಿಮಿಂಗಿಲದ ಎಣ್ಣೆಯ ಮೇಲಿನ ತೆರಿಗೆಯಿಂದಲೇ ಭರಿಸಲಾಯಿತು. ಕ್ಯಾಪ್ಟನ್ ಸ್ಕಾಟ್ ತಮ್ಮ ಮೊದಲ ಅಂಟಾರ್ಕ್ಟಿಕ್ ಯಾತ್ರೆಗೆ ಬಳಸಿದ್ದ 'ಡಿಸ್ಕವರಿ' ಎಂಬ ಮರದ ಹಡಗನ್ನು ದುರಸ್ತಿಗೊಳಿಸಿ ಈ ಕಾರ್ಯಕ್ಕೆ ಸಿದ್ಧಪಡಿಸಲಾಯಿತು. ಯಾತ್ರೆಯ ನಾಯಕರಾಗಿದ್ದ ಸ್ಟ್ಯಾನ್ಲಿ ಕೆಂಪ್ ಅದಕ್ಕೂ ಮೊದಲು ಕಲ್ಕತ್ತೆಯಲ್ಲಿ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವರು. ಹಾರ್ಡಿ ಯಾತ್ರೆಯ ಮುಖ್ಯ ಪ್ರಾಣಿವಿಜ್ಞಾನಿಯಾಗಿ ನೇಮಕಗೊಂಡರು.

ದಕ್ಷಿಣ ಸಾಗರದ ಬಲೀನ್ ತಿಮಿಂಗಿಲಗಳ ಮುಖ್ಯ ಆಹಾರ, ಸಿಗಡಿಯನ್ನು ಹೋಲುವ ಕ್ರಿಲ್ ಎಂಬ ಪ್ರಾಣಿ. ತಿಮಿಂಗಿಲ ಎಲ್ಲಿರುತ್ತದೆ ಎಂದು ತಿಳಿಯಲು ಕ್ರಿಲ್ ಎಲ್ಲಿರುತ್ತದೆ ಎಂದು ತಿಳಿಯಬೇಕು. ಕ್ರಿಲ್‌ನ ಇರುವಿಕೆಯನ್ನು ತಿಳಿಯಲು ಅದರ ಆಹಾರವನ್ನೂ ಅದನ್ನು ಹೊತ್ತು ತರುವ ತಣ್ಣೀರಿನ ಪ್ರವಾಹಗಳನ್ನೂ ತಿಳಿಯಬೇಕು. ಹೀಗೆ ಅತಿ ದೊಡ್ಡ ಪ್ರಾಣಿಯ ಅಧ್ಯಯನಕ್ಕೆ ಹೊರಟ ಹಾರ್ಡಿಯವರಿಗೆ ಅತಿ ಸಣ್ಣ ಜೀವಿಗಳೇ ಮುಖ್ಯವಾದವು. ಇ. ಆರ್. ಗುಂಥರ್ ಅವರೊಡನೆ ಬರೆದ ಸೌತ್ ಜಾರ್ಜಿಯಾ ಸುತ್ತಲಿನ ಪ್ಲವಕಗಳ ಕುರಿತ ಬೃಹತ್ ವರದಿ 1935ರಲ್ಲಿ ಪ್ರಕಟವಾಯಿತು. ಸಸ್ಯಪ್ಲವಕ ಅತಿ ದಟ್ಟವಾಗಿರುವ ನೀರಿನಲ್ಲಿ ಪ್ರಾಣಿಪ್ಲವಕ ವಿರಳವಾಗಿರುವುದನ್ನು ಗಮನಿಸಿದ ಅವರು, ಅಂತಹ ನೀರನ್ನು ಪ್ರಾಣಿಗಳು ದೂರವಿಡುತ್ತವೆ ಎಂಬ ವಾದವನ್ನು ಮುಂದಿಟ್ಟರು. ಪ್ರಾಣಿಗಳು ಮೇಯ್ದು ಮುಗಿಸಿದ ಕಡೆ ಸಸ್ಯ ಕಡಿಮೆ ಇರುವುದು ಸಹಜ, ಅದಕ್ಕೆ ಬೇರೆ ಕಾರಣ ಬೇಕಿಲ್ಲ ಎಂದು ಆ ಕಾಲದ ಇತರ ವಿಜ್ಞಾನಿಗಳು ಆಕ್ಷೇಪಿಸಿದರು. ಈ ಚರ್ಚೆ ಹಲವು ವರ್ಷ ನಡೆದು, ಮೇಯುವಿಕೆಯ ವಿವರಣೆಯ ಕಡೆಗೇ ಹೆಚ್ಚು ಒಲವು ಮೂಡಿತು.

ರೆಕಾರ್ಡರ್ ಯಂತ್ರದ ಹುಟ್ಟು ಮತ್ತು ರಚನೆ

ಅಲ್ಲಿಯವರೆಗೆ ಪ್ಲವಕಗಳನ್ನು ಸಂಗ್ರಹಿಸುವ ಕ್ರಮ ಸರಳವಾಗಿತ್ತು. ಹಡಗನ್ನು ಒಂದೆಡೆ ನಿಲ್ಲಿಸಿ ಸಣ್ಣ ಕಣ್ಣಿನ ಬಲೆಯನ್ನು ನೀರಿಗಿಳಿಸುವುದು, ಮೇಲೆತ್ತಿ ಸಿಕ್ಕಿದ್ದನ್ನು ಎಣಿಸುವುದು, ಹತ್ತಾರು ಮೈಲಿ ಸಾಗಿ ಮತ್ತೆ ಹಾಗೆಯೇ ಮಾಡುವುದು. ಆದರೆ ಪ್ಲವಕ ಸಮುದ್ರದಲ್ಲಿ ಸಮನಾಗಿ ಹರಡಿಲ್ಲ. ಆಕಾಶದ ಮೋಡಗಳಂತೆ ಅದು ತುಂಡುತುಂಡಾಗಿ, ಒಂದೆಡೆ ದಟ್ಟವಾಗಿ ಇನ್ನೊಂದೆಡೆ ವಿರಳವಾಗಿ ಇರುತ್ತದೆ. ಬಲೆ ದಟ್ಟವಾದ ಕಡೆ ಇಳಿದರೆ ಒಂದು ಲೆಕ್ಕ, ಪಕ್ಕದಲ್ಲಿ ಇಳಿದರೆ ಬೇರೆಯೇ ಲೆಕ್ಕ. ಈ ದೋಷವನ್ನು ನಿವಾರಿಸಲು ಹಡಗು ಚಲಿಸುತ್ತಿರುವಾಗಲೇ ಎಡೆಬಿಡದೆ ಸಂಗ್ರಹಿಸುವ ಸಾಧನ ಬೇಕೆಂದು ಹಾರ್ಡಿ ನಿರ್ಧರಿಸಿದರು. ಅದರ ಮೊದಲ ರೂಪವನ್ನು ಡಿಸ್ಕವರಿ ಯಾತ್ರೆಯಲ್ಲಿಯೇ ಬಳಸಿದರು.

ಯಂತ್ರದ ತತ್ತ್ವ ಹೀಗಿದೆ. ಸುಮಾರು ಒಂದು ಮೀಟರ್ ಉದ್ದದ, ಮೀನಿನಂತಹ ಲೋಹದ ಪೆಟ್ಟಿಗೆಯನ್ನು ಉಕ್ಕಿನ ಹಗ್ಗದಿಂದ ಹಡಗಿನ ಹಿಂದೆ ಕಟ್ಟಿ ಎಳೆಯಲಾಗುತ್ತದೆ. ಅದು ನೀರಿನ ಮಟ್ಟದಿಂದ 10 ಮೀಟರಿಗಿಂತ ಕಡಿಮೆ ಅಥವಾ ಅಷ್ಟೇ ಆಳದಲ್ಲಿ ಸಾಗುತ್ತದೆ. ಮುಂಭಾಗದ, ಸುಮಾರು 1.27 ಸೆಂಟಿಮೀಟರ್ ಚೌಕದ ಸಣ್ಣ ಕಿಂಡಿಯಿಂದ ನೀರು ಒಳನುಗ್ಗಿ, ಅಗಲವಾದ ಸುರಂಗದಲ್ಲಿ ವೇಗ ಕಳೆದುಕೊಂಡು, ಅಡ್ಡವಾಗಿ ಚಾಚಿದ ರೇಷ್ಮೆ ಬಟ್ಟೆಯ ಮೂಲಕ ಹೊರಹೋಗುತ್ತದೆ. ಇದು ಹಿಟ್ಟಿನ ಗಿರಣಿಗಳಲ್ಲಿ ಜರಡಿಗೆ ಬಳಸುತ್ತಿದ್ದ ಬಗೆಯ ರೇಷ್ಮೆ. ಪ್ಲವಕ ಈ ಬಟ್ಟೆಯ ಮೇಲೆ ಉಳಿಯುತ್ತದೆ. ಕೂಡಲೇ ಇನ್ನೊಂದು ರೇಷ್ಮೆ ಪಟ್ಟಿ ಅದರ ಮೇಲೆ ಬಂದು ಮುಚ್ಚುತ್ತದೆ. ಎರಡೂ ಸೇರಿ ಫಾರ್ಮಲಿನ್ ತುಂಬಿದ ತೊಟ್ಟಿಯೊಳಗೆ ಸುರುಳಿಯಾಗಿ ಸುತ್ತಿಕೊಳ್ಳುತ್ತವೆ. ಸುರುಳಿಯನ್ನು ತಿರುಗಿಸಲು ಯಾವ ಎಂಜಿನ್ ಕೂಡ ಇಲ್ಲ. ಪೆಟ್ಟಿಗೆಯ ಹಿಂಭಾಗದ ಚಕ್ರವನ್ನು ಹರಿಯುವ ನೀರೇ ತಿರುಗಿಸುತ್ತದೆ. ಆದ್ದರಿಂದ ಹಡಗು ವೇಗವಾಗಿ ಸಾಗಿದರೆ ರೇಷ್ಮೆಯೂ ವೇಗವಾಗಿ ಸರಿಯುತ್ತದೆ, ನಿಧಾನವಾದರೆ ನಿಧಾನವಾಗಿ. ಸುರುಳಿಯನ್ನು ಬಿಚ್ಚಿದಾಗ ಬಟ್ಟೆಯ ಯಾವ ಭಾಗ ಸಮುದ್ರದ ಯಾವ ಭಾಗಕ್ಕೆ ಸೇರಿದ್ದೆಂದು ಅಳೆದು ಹೇಳಬಹುದು. ಸಮೀಕ್ಷೆಯಲ್ಲಿ 10 ನಾಟಿಕಲ್ ಮೈಲಿಗಳನ್ನು, ಅಂದರೆ ಸುಮಾರು 18.5 ಕಿಲೋಮೀಟರ್ ದೂರವನ್ನು, ಒಂದು ಮಾದರಿಯಾಗಿ ಪರಿಗಣಿಸಲಾಗುತ್ತದೆ.

ಹಲ್ ಮತ್ತು ಸಮೀಕ್ಷೆಯ ಆರಂಭ

1927ರಲ್ಲಿ ಹಾರ್ಡಿಯವರು ಪ್ರಾಣಿವಿಜ್ಞಾನಿ ವಾಲ್ಟರ್ ಗಾರ್ಸ್ಟಾಂಗ್ ಅವರ ಮಗಳು ಸಿಲ್ವಿಯಾ ಅವರನ್ನು ವಿವಾಹವಾದರು. ದಂಪತಿಗಳಿಗೆ ಒಬ್ಬ ಮಗ ಮತ್ತು ಒಬ್ಬ ಮಗಳು. 1928ರಲ್ಲಿ, ಹೊಸದಾಗಿ ಸ್ಥಾಪನೆಯಾಗಿದ್ದ ಹಲ್ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೊದಲ ಪ್ರಾಧ್ಯಾಪಕರಾದರು. ಹಲ್ ದೊಡ್ಡ ಮೀನುಗಾರಿಕಾ ಬಂದರು. ಅಲ್ಲಿಂದ ಉತ್ತರ ಸಮುದ್ರದ ಎಲ್ಲ ದಿಕ್ಕುಗಳಿಗೂ ವ್ಯಾಪಾರಿ ಹಡಗುಗಳು ಹೋಗಿಬರುತ್ತಿದ್ದವು.

ಸಂಶೋಧನಾ ಹಡಗನ್ನು ನಡೆಸುವುದು ದುಬಾರಿ. ವರ್ಷದಲ್ಲಿ ಕೆಲವೇ ವಾರ ಅದು ಸಮುದ್ರದಲ್ಲಿರಬಲ್ಲದು. ಆದರೆ ವ್ಯಾಪಾರಿ ಹಡಗುಗಳು ಬೇಸಿಗೆ ಚಳಿಗಾಲವೆನ್ನದೆ ಗೊತ್ತಾದ ಹಾದಿಯಲ್ಲಿ ಹೋಗುತ್ತಲೇ ಇರುತ್ತವೆ. ಯಂತ್ರವನ್ನು ಚಿಕ್ಕದಾಗಿಸಿ, ವಿಜ್ಞಾನಿಗಳಿಲ್ಲದೆಯೂ ನಾವಿಕರೇ ನೀರಿಗಿಳಿಸಿ ಮೇಲೆತ್ತುವಂತೆ ಸರಳಗೊಳಿಸಿದರೆ ಪ್ರತಿ ತಿಂಗಳೂ ಅದೇ ಹಾದಿಯ ಲೆಕ್ಕ ಸಿಗುತ್ತದೆ ಎಂಬುದು ಹಾರ್ಡಿಯವರ ಯೋಚನೆ. 1931ರ ಸೆಪ್ಟೆಂಬರಿನಲ್ಲಿ ಹಲ್‌ನಿಂದ ಜರ್ಮನಿಯ ಬ್ರೆಮೆನ್ ಕಡೆಗೆ ಹೊರಟ ವ್ಯಾಪಾರಿ ಹಡಗೊಂದು ಈ ಯಂತ್ರವನ್ನು ಮೊದಲ ಬಾರಿಗೆ ಎಳೆಯಿತು. ಮುಂದಿನ ವರ್ಷಗಳಲ್ಲಿ ಇನ್ನಷ್ಟು ಮಾರ್ಗಗಳು ಸೇರಿದವು. ಹಡಗು ಬಂದರಿಗೆ ಮರಳಿದೊಡನೆ ರೇಷ್ಮೆಯ ಸುರುಳಿ ಪ್ರಯೋಗಾಲಯಕ್ಕೆ ಬರುತ್ತಿತ್ತು. ಅಲ್ಲಿ ತರಬೇತಾದವರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಒಂದೊಂದು ಜಾತಿಯನ್ನೂ ಗುರುತಿಸಿ ಎಣಿಸುತ್ತಿದ್ದರು. ಸಿರಿಲ್ ಲೂಕಾಸ್ ಈ ಕಾರ್ಯದಲ್ಲಿ ಹಾರ್ಡಿಯವರ ಮುಖ್ಯ ಸಹಾಯಕರಾಗಿದ್ದು ಮುಂದೆ ಸಮೀಕ್ಷೆಯ ಹೊಣೆ ಹೊತ್ತರು. ಫಲಿತಾಂಶಗಳ ಪ್ರಕಟಣೆಗಾಗಿ ಹಲ್‌ನಿಂದ ಒಂದು ವೈಜ್ಞಾನಿಕ ಪತ್ರಿಕೆಯೂ ಹೊರಬಂದಿತು.

ಮೀನುಗಾರರಿಗೆ ನೇರವಾಗಿ ನೆರವಾಗಲೆಂದು ಹಾರ್ಡಿ ಇನ್ನೊಂದು ಸಣ್ಣ ಸಾಧನವನ್ನೂ ಮಾಡಿದರು. 'ಪ್ಲಾಂಕ್ಟನ್ ಇಂಡಿಕೇಟರ್' ಎಂಬ ಈ ಕೊಳವೆಯನ್ನು ಬಲೆ ಬೀಸುವ ಮೊದಲು ದೋಣಿಯ ಹಿಂದೆ ಸ್ವಲ್ಪ ದೂರ ಎಳೆದು, ಒಳಗಿನ ರೇಷ್ಮೆಯ ಬಿಲ್ಲೆಯನ್ನು ನೋಡಬೇಕಿತ್ತು. ಬಿಲ್ಲೆ ಹಸಿರಾಗಿದ್ದರೆ ಆ ನೀರಿನಲ್ಲಿ ಸಸ್ಯಪ್ಲವಕ ದಟ್ಟವಾಗಿದೆ, ಅಲ್ಲಿ ಹೆರಿಂಗ್ ಸಿಗುವ ಸಂಭವ ಕಡಿಮೆ. ಕ್ಯಾಲನಸ್ ಹೆಚ್ಚಾಗಿ ಕಂಡರೆ ಮೀನು ಸಿಗುವ ಸಂಭವ ಹೆಚ್ಚು. ಬಣ್ಣಗೆಟ್ಟ, ವಾಸನೆಯ ನೀರಿನಲ್ಲಿ ಬಲೆ ಬೀಸಬಾರದೆಂದು ಹಳೆಯ ಮೀನುಗಾರರು ಅನುಭವದಿಂದ ಮೊದಲೇ ಬಲ್ಲವರಾಗಿದ್ದರು. ಆ ತಿಳಿವಳಿಕೆಗೆ ಹಾರ್ಡಿಯವರ ಲೆಕ್ಕಗಳು ಆಧಾರ ಒದಗಿಸಿದವು. ಎರಡನೆಯ ಮಹಾಯುದ್ಧದ ನಂತರ ಪ್ರತಿಧ್ವನಿಯಿಂದ ಮೀನಿನ ಗುಂಪನ್ನು ಪತ್ತೆಮಾಡುವ ಉಪಕರಣಗಳು ಬಂದುದರಿಂದ ಈ ಸಾಧನ ಬಳಕೆಯಿಂದ ಮರೆಯಾಯಿತು.

ಋತುಮಾನ, ಪ್ರವಾಹ ಮತ್ತು ಪ್ರಾಣಿಪ್ಲವಕ

ಪ್ರತಿ ತಿಂಗಳ ಲೆಕ್ಕಗಳನ್ನು ಒಂದರ ಪಕ್ಕ ಒಂದಿಟ್ಟಾಗ ಸಮುದ್ರಕ್ಕೂ ಹೊಲಗದ್ದೆಗಳಂತೆ ಬೆಳೆಯ ಕಾಲ, ಬರಿದಾಗುವ ಕಾಲ ಇರುವುದು ಸ್ಪಷ್ಟವಾಗುತ್ತದೆ. ಉತ್ತರ ಅಟ್ಲಾಂಟಿಕ್ ಪ್ರದೇಶದಲ್ಲಿ ಚಳಿಗಾಲದ ಬಿರುಗಾಳಿಗಳು ನೀರನ್ನು ಆಳದವರೆಗೆ ಕಲಕಿ, ತಳದ ಪೋಷಕ ಲವಣಗಳನ್ನು ಮೇಲಕ್ಕೆ ತರುತ್ತವೆ. ಆಗ ಬೆಳಕು ಸಾಲದೆ ಸಸ್ಯಪ್ಲವಕ ಬೆಳೆಯುವುದಿಲ್ಲ. ವಸಂತದಲ್ಲಿ ಹಗಲು ಉದ್ದವಾಗಿ ಮೇಲಿನ ನೀರು ಬೆಚ್ಚಗಾದಾಗ ಡಯಾಟಮ್ ಮುಂತಾದ ಸಸ್ಯಪ್ಲವಕ ಒಮ್ಮೆಲೇ ಹೆಚ್ಚುತ್ತದೆ. ಅದನ್ನು ತಿಂದು ಕೋಪಿಪಾಡ್‌ಗಳ ಸಂಖ್ಯೆ ಏರುತ್ತದೆ. ಬೇಸಿಗೆಯಲ್ಲಿ ಮೇಲಿನ ಪದರದ ಲವಣ ಮುಗಿದು ಸಸ್ಯಪ್ಲವಕ ಕುಗ್ಗುತ್ತದೆ. ಶರತ್ಕಾಲದ ಗಾಳಿ ನೀರನ್ನು ಮತ್ತೆ ಕಲಕಿದಾಗ ಎರಡನೆಯ ಸಣ್ಣ ಏರಿಕೆ ಕಾಣುತ್ತದೆ. ನಂತರ ಚಳಿಗಾಲದ ಇಳಿಕೆ.

ಈ ಚಕ್ರಕ್ಕೆ ಪ್ರವಾಹಗಳ ಚಲನೆಯೂ ಸೇರುತ್ತದೆ. ಕ್ಯಾಲನಸ್ ಫಿನ್‌ಮಾರ್ಕಿಕಸ್ ಎಂಬ ತಣ್ಣೀರಿನ ಜಾತಿಯ ಜೀವನ ಇದಕ್ಕೆ ಉತ್ತಮ ನಿದರ್ಶನ. ಬೇಸಿಗೆಯ ಕೊನೆಗೆ ಇದು ದೇಹದಲ್ಲಿ ಎಣ್ಣೆಯನ್ನು ಕೂಡಿಟ್ಟುಕೊಂಡು, ಪೂರ್ಣ ಬೆಳೆಯುವ ಮುಂಚಿನ ಹಂತದಲ್ಲಿ, ಖಂಡದ ಅಂಚಿನಾಚೆಗಿನ ನೂರಾರು ಮೀಟರ್ ಆಳಕ್ಕೆ ಇಳಿಯುತ್ತದೆ. ಅಲ್ಲಿ ಆಹಾರವಿಲ್ಲದೆ ಚಳಿಗಾಲ ಕಳೆದು, ವಸಂತ ಸಮೀಪಿಸಿದಾಗ ಮೇಲೇರಿ ಮೊಟ್ಟೆಯಿಡುತ್ತದೆ. ಆಗ ಅಟ್ಲಾಂಟಿಕ್‌ನಿಂದ ಶೆಟ್ಲೆಂಡ್ ಸುತ್ತಮುತ್ತ ಹರಿದು ಬರುವ ನೀರು ಇವುಗಳನ್ನು ಉತ್ತರ ಸಮುದ್ರದೊಳಕ್ಕೆ ಹೊತ್ತು ತರುತ್ತದೆ. ಉತ್ತರ ಸಮುದ್ರದ ಬಹುಭಾಗ ಆಳವಿಲ್ಲದ್ದು. ದೊಡ್ಡ ಸಂಖ್ಯೆಯಲ್ಲಿ ಇವು ಅಲ್ಲಿಯೇ ಚಳಿಗಾಲ ಕಳೆಯಲಾರವು. ಹಾಗಾಗಿ ಯಾವುದೇ ವರ್ಷ ಅಲ್ಲಿನ ಮೀನಿಗೆ ಸಿಗುವ ಆಹಾರದ ಪ್ರಮಾಣ, ಆ ವರ್ಷ ಪ್ರವಾಹ ಎಷ್ಟು ನೀರನ್ನು, ಯಾವ ಕಾಲದಲ್ಲಿ ಒಳತಂದಿತು ಎಂಬುದನ್ನೂ ಅವಲಂಬಿಸುತ್ತದೆ. ಈ ಚಿತ್ರ ಪೂರ್ಣಗೊಂಡದ್ದು ಹಾರ್ಡಿಯವರ ನಂತರದ ಪೀಳಿಗೆಯ ವಿಜ್ಞಾನಿಗಳಿಂದ. ಆದರೆ ಲೋಸ್ಟಾಫ್ಟ್‌ನ ಮೀನುಗಾರರ ಏರಿಳಿತದ ಪ್ರಶ್ನೆಗೆ ಉತ್ತರ ಪ್ರವಾಹ ಮತ್ತು ಪ್ಲವಕಗಳಲ್ಲಿದೆ ಎಂಬ ಹಾರ್ಡಿಯವರ ನಂಬಿಕೆ ಇದರಿಂದ ಬಲಗೊಂಡಿತು.

ಪ್ರಾಣಿಪ್ಲವಕಗಳ ದಿನನಿತ್ಯದ ಏರಿಳಿತದ ಬಗ್ಗೆಯೂ ಹಾರ್ಡಿ ಚಿಂತಿಸಿದರು. ಇವುಗಳಲ್ಲಿ ಅನೇಕ ಜಾತಿಗಳು ಹಗಲಲ್ಲಿ ಆಳಕ್ಕಿಳಿದು ರಾತ್ರಿ ಮೇಲೇರುತ್ತವೆ. ಇಷ್ಟು ಸಣ್ಣ ಪ್ರಾಣಿ ಅಡ್ಡಲಾಗಿ ಈಜಿ ದೂರ ಹೋಗಲಾರದು. ಆದರೆ ಮೇಲಿನ ನೀರು ಮತ್ತು ಆಳದ ನೀರು ಬೇರೆ ಬೇರೆ ವೇಗದಲ್ಲಿ, ಕೆಲವೊಮ್ಮೆ ಬೇರೆ ದಿಕ್ಕಿನಲ್ಲಿ ಚಲಿಸುತ್ತವೆ. ಆದ್ದರಿಂದ ಒಮ್ಮೆ ಇಳಿದು ಮತ್ತೆ ಏರಿದ ಪ್ರಾಣಿ ತಾನು ಬಿಟ್ಟ ನೀರಿಗೆ ಮರಳದೆ ಹೊಸ ನೀರಿಗೆ ಬಂದಿರುತ್ತದೆ. ಪ್ರವಾಹದ ಕೈಗೊಂಬೆಯಂತೆ ಕಾಣುವ ಜೀವಿ ಹೀಗೆ ಪ್ರವಾಹವನ್ನೇ ಬಳಸಿಕೊಂಡು ಜಾಗ ಬದಲಿಸುತ್ತದೆ ಎಂದು ಹಾರ್ಡಿ ವಾದಿಸಿದರು. ಈ ಪ್ರಾಣಿಗಳಿಗೆ ಅಷ್ಟು ಈಜುವ ಶಕ್ತಿಯಿದೆಯೇ ಎಂದು ಪರೀಕ್ಷಿಸಲು ಆರ್. ಬೈನ್‌ಬ್ರಿಜ್ ಅವರೊಡನೆ 'ಪ್ಲಾಂಕ್ಟನ್ ಚಕ್ರ'ವೊಂದನ್ನು ರೂಪಿಸಿದರು. ನೀರು ತುಂಬಿದ ಪಾರದರ್ಶಕ ಕೊಳವೆಯ ಈ ಚಕ್ರವನ್ನು ಪ್ರಾಣಿ ಈಜಿದಂತೆ ತಿರುಗಿಸುತ್ತಿದ್ದುದರಿಂದ ಅದಕ್ಕೆ ಕೊನೆಯಿಲ್ಲದ ನೀರಿನ ಕಂಬ ಸಿಕ್ಕಂತಾಗುತ್ತಿತ್ತು. ಕೆಲವೇ ಮಿಲಿಮೀಟರ್ ಉದ್ದದ ಕ್ಯಾಲನಸ್ ಕೂಡ ಗಂಟೆಗೆ ಹತ್ತಾರು ಮೀಟರ್ ಏರಬಲ್ಲದೆಂದು 1954ರಲ್ಲಿ ಪ್ರಕಟವಾದ ಈ ಪ್ರಯೋಗ ತೋರಿಸಿತು.

ಇತರ ಸಂಶೋಧನೆಗಳು

ನೀರಿನ ಪ್ರವಾಹದಲ್ಲಿ ಜೀವಿಗಳು ತೇಲುವಂತೆ ಗಾಳಿಯ ಪ್ರವಾಹದಲ್ಲಿಯೂ ಕೀಟಗಳು ತೇಲುತ್ತವೆ ಎಂಬುದು ಹಾರ್ಡಿಯವರ ಗಮನ ಸೆಳೆಯಿತು. 1930ರ ದಶಕದಲ್ಲಿ ಪಿ. ಎಸ್. ಮಿಲ್ನ್ ಅವರೊಡನೆ ಗಾಳಿಪಟಗಳಿಗೆ ಬಲೆ ಕಟ್ಟಿ ಹಾರಿಸಿ, ಎತ್ತರದ ಗಾಳಿಯಲ್ಲಿ ಸಾಗುವ ಸಣ್ಣ ಕೀಟಗಳನ್ನು ಹಿಡಿದು ಅಧ್ಯಯನ ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿಗೆ ಆಹಾರದ ಕೊರತೆ ಎದುರಾದಾಗ ಪ್ಲವಕವನ್ನೇ ನೇರವಾಗಿ ಆಹಾರವಾಗಿ ಬಳಸಬಹುದೇ ಎಂಬ ಪ್ರಶ್ನೆಯನ್ನೂ 1941ರಲ್ಲಿ ಎತ್ತಿದರು. ಇದರ ಪ್ರಯೋಗಗಳು ನಡೆದರೂ ಸಂಗ್ರಹದ ಶ್ರಮಕ್ಕೆ ತಕ್ಕ ಫಲ ದೊರೆಯದೆ ಯೋಜನೆ ಮುಂದುವರಿಯಲಿಲ್ಲ.

ಅಬರ್ಡೀನ್ ಮತ್ತು ಆಕ್ಸ್‌ಫರ್ಡ್

1942ರಲ್ಲಿ ಹಾರ್ಡಿ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದಲ್ಲಿ ನೈಸರ್ಗಿಕ ಇತಿಹಾಸದ ರೀಜಿಯಸ್ ಪ್ರಾಧ್ಯಾಪಕರಾದರು. 1946ರಲ್ಲಿ ಆಕ್ಸ್‌ಫರ್ಡ್‌ನ ಲಿನಾಕರ್ ಪ್ರಾಣಿಶಾಸ್ತ್ರ ಪೀಠಕ್ಕೆ ಆಯ್ಕೆಯಾಗಿ 1961ರವರೆಗೆ ಆ ಸ್ಥಾನದಲ್ಲಿದ್ದರು. ಪ್ರಾಣಿಗಳನ್ನು ಅವುಗಳ ಸಹಜ ಪರಿಸರದಲ್ಲಿಯೇ ಅಧ್ಯಯನ ಮಾಡಬೇಕೆಂಬ ಒಲವುಳ್ಳ ಅವರು, ಡಚ್ ಪ್ರಾಣಿವರ್ತನಾ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಅವರನ್ನು ಆಕ್ಸ್‌ಫರ್ಡ್‌ಗೆ ಕರೆತರುವಲ್ಲಿ ಪ್ರಮುಖ ಪಾತ್ರ ವಹಿಸಿದರು. ಟಿನ್‌ಬರ್ಗನ್ ಮುಂದೆ 1973ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಬರಹ ಮತ್ತು ಚಿತ್ರಗಳು

ಫಾರ್ಮಲಿನ್‌ನಲ್ಲಿಟ್ಟ ಪ್ಲವಕಗಳ ಬಣ್ಣ ಬಹುಬೇಗ ಮಾಸಿಹೋಗುತ್ತದೆ. ಆದ್ದರಿಂದ ಹಾರ್ಡಿ ಹಡಗಿನಲ್ಲಿಯೇ, ಪ್ರಾಣಿ ಜೀವಂತವಾಗಿರುವಾಗಲೇ ಅದರ ಜಲವರ್ಣ ಚಿತ್ರ ಬರೆಯುತ್ತಿದ್ದರು. ಈ ಚಿತ್ರಗಳು ಅವರ ಪುಸ್ತಕಗಳಿಗೆ ವಿಶೇಷ ಶೋಭೆ ತಂದವು. 'ದಿ ಓಪನ್ ಸೀ' ಎಂಬ ಎರಡು ಭಾಗಗಳ ಕೃತಿಯಲ್ಲಿ ಮೊದಲನೆಯದು ಪ್ಲವಕಗಳ ಲೋಕವನ್ನೂ ಎರಡನೆಯದು ಮೀನು ಮತ್ತು ಮೀನುಗಾರಿಕೆಯನ್ನೂ ಕುರಿತದ್ದು. ವಿಜ್ಞಾನ ಓದದವರಿಗೂ ತಿಳಿಯುವಂತೆ ಬರೆದ ಈ ಕೃತಿಯನ್ನು ಓದಿ ಸಾಗರವಿಜ್ಞಾನದತ್ತ ಒಲಿದವರು ಅನೇಕರು. 'ಗ್ರೇಟ್ ವಾಟರ್ಸ್' ಡಿಸ್ಕವರಿ ಯಾತ್ರೆಯ ವೃತ್ತಾಂತ. ಮಾವ ಗಾರ್ಸ್ಟಾಂಗ್ ಅವರು ಸಾಗರಪ್ರಾಣಿಗಳ ಲಾರ್ವಾ ರೂಪಗಳನ್ನು ಕುರಿತು ಬರೆದಿದ್ದ ಪದ್ಯಗಳನ್ನು ಅವರ ಮರಣಾನಂತರ ಮುನ್ನುಡಿಯೊಡನೆ ಪ್ರಕಟಿಸಿದವರೂ ಹಾರ್ಡಿಯವರೇ.

ಜಲವಾಸಿ ಪೂರ್ವಜರ ಕಲ್ಪನೆ

ಮನುಷ್ಯನ ಪೂರ್ವಜರು ಒಂದು ಕಾಲದಲ್ಲಿ ಕಡಲತೀರದ ನೀರಿನಲ್ಲಿ ಹೆಚ್ಚು ಕಾಲ ಕಳೆದಿರಬಹುದು, ಕೂದಲಿಲ್ಲದ ಮೈ ಮತ್ತು ಚರ್ಮದಡಿಯ ಕೊಬ್ಬಿಗೆ ಅದೇ ಕಾರಣವಿರಬಹುದು ಎಂಬ ಯೋಚನೆ ಹಾರ್ಡಿಯವರಿಗೆ ಯೌವನದಲ್ಲಿಯೇ ಬಂದಿತ್ತು. ವೃತ್ತಿಜೀವನಕ್ಕೆ ತೊಂದರೆಯಾದೀತೆಂದು ಸುಮಾರು ಮೂವತ್ತು ವರ್ಷ ಇದನ್ನು ಬಹಿರಂಗಪಡಿಸಲಿಲ್ಲ. 1960ರ ಮಾರ್ಚ್ ತಿಂಗಳಲ್ಲಿ ಬ್ರೈಟನ್‌ನಲ್ಲಿ ಮುಳುಗು ಈಜುಗಾರರ ಸಂಘದಲ್ಲಿ ಮಾಡಿದ ಭಾಷಣ ಪತ್ರಿಕೆಗಳಲ್ಲಿ ಸುದ್ದಿಯಾದಾಗ, 'ನ್ಯೂ ಸೈಂಟಿಸ್ಟ್' ಪತ್ರಿಕೆಯಲ್ಲಿ ಲೇಖನ ಬರೆದು ತಮ್ಮ ವಾದವನ್ನು ವಿವರಿಸಿದರು. ಲೇಖಕಿ ಇಲೇನ್ ಮಾರ್ಗನ್ ಇದನ್ನು ಮುಂದೆ ಬೆಳೆಸಿ ಜನಪ್ರಿಯಗೊಳಿಸಿದರು. ಮಾನವಶಾಸ್ತ್ರಜ್ಞರಲ್ಲಿ ಬಹುಪಾಲು ಮಂದಿ ಈ ವಾದವನ್ನು ಒಪ್ಪಿಲ್ಲ.

ಧಾರ್ಮಿಕ ಅನುಭವಗಳ ಅಧ್ಯಯನ

ಯೂನಿಟೇರಿಯನ್ ಪಂಥದ ಅನುಯಾಯಿಯಾಗಿದ್ದ ಹಾರ್ಡಿ, ವಿಕಾಸವಾದವನ್ನು ಪೂರ್ಣವಾಗಿ ಒಪ್ಪಿಕೊಂಡೇ ಅಧ್ಯಾತ್ಮಕ್ಕೆ ಅದರಲ್ಲಿ ಸ್ಥಾನವಿದೆ ಎಂದು ನಂಬಿದ್ದರು. 1960ರ ದಶಕದಲ್ಲಿ ಅಬರ್ಡೀನ್‌ನಲ್ಲಿ ನೀಡಿದ ಗಿಫರ್ಡ್ ಉಪನ್ಯಾಸಗಳಲ್ಲಿ ಈ ವಿಚಾರವನ್ನು ಮಂಡಿಸಿದರು. ಪ್ರಾಣಿಗಳ ವರ್ತನೆಯಲ್ಲಿ ಬರುವ ಹೊಸ ಅಭ್ಯಾಸಗಳೂ ವಿಕಾಸದ ದಿಕ್ಕನ್ನು ರೂಪಿಸುತ್ತವೆ ಎಂಬುದು ಅವರ ವಾದದ ತಿರುಳು.

1969ರಲ್ಲಿ, ತಮ್ಮ 73ನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡ್‌ನ ಮ್ಯಾಂಚೆಸ್ಟರ್ ಕಾಲೇಜಿನಲ್ಲಿ ಧಾರ್ಮಿಕ ಅನುಭವಗಳ ಸಂಶೋಧನಾ ಘಟಕವನ್ನು ಸ್ಥಾಪಿಸಿದರು. ತಮಗಿಂತ ಮೀರಿದ ಶಕ್ತಿಯೊಂದರ ಸಾನ್ನಿಧ್ಯ ಅನುಭವಕ್ಕೆ ಬಂದಿದ್ದರೆ ಅದನ್ನು ಬರೆದು ಕಳುಹಿಸುವಂತೆ ಪತ್ರಿಕೆಗಳ ಮೂಲಕ ಸಾಮಾನ್ಯ ಜನರನ್ನು ಕೋರಿದರು. ಬಂದ ಸಾವಿರಾರು ಪತ್ರಗಳನ್ನು, ಹಿಂದೆ ಪ್ಲವಕಗಳನ್ನು ವಿಂಗಡಿಸಿದಂತೆಯೇ, ಬಗೆಬಗೆಯಾಗಿ ವರ್ಗೀಕರಿಸಿದರು. ಸ್ವಇಚ್ಛೆಯಿಂದ ಬರೆದವರ ಪತ್ರಗಳು ಇಡೀ ಸಮಾಜವನ್ನು ಪ್ರತಿನಿಧಿಸಲಾರವು ಎಂಬ ಟೀಕೆಯೂ ಈ ಕ್ರಮಕ್ಕೆ ಬಂದಿತು. 6000ಕ್ಕೂ ಹೆಚ್ಚು ಬರಹಗಳಿರುವ ಈ ಸಂಗ್ರಹ ಈಗ ವೇಲ್ಸ್‌ನ ವಿಶ್ವವಿದ್ಯಾಲಯವೊಂದರಲ್ಲಿದೆ.

ಗೌರವಗಳು ಮತ್ತು ನಿಧನ

ಹಾರ್ಡಿಯವರು 1940ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು. 1957ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. 1985ರ ಟೆಂಪಲ್‌ಟನ್ ಪ್ರಶಸ್ತಿಗೆ ಅವರು ಆಯ್ಕೆಯಾದರು. ಅದೇ ವರ್ಷದ ಮೇ ತಿಂಗಳಲ್ಲಿ ಆಕ್ಸ್‌ಫರ್ಡ್‌ನಲ್ಲಿ ತಮ್ಮ 89ನೆಯ ವಯಸ್ಸಿನಲ್ಲಿ ನಿಧನರಾದರು.

ಸಮೀಕ್ಷೆಯ ಮುಂದಿನ ಹಾದಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನಿಂತಿದ್ದ ಸಮೀಕ್ಷೆ 1946ರಲ್ಲಿ ಮತ್ತೆ ಆರಂಭವಾಯಿತು. 1950ರಲ್ಲಿ ಹಲ್‌ನಿಂದ ಎಡಿನ್‌ಬರೋಗೆ, 1977ರಲ್ಲಿ ಪ್ಲಿಮತ್‌ಗೆ ಅದರ ಕೇಂದ್ರ ಸ್ಥಳಾಂತರಗೊಂಡಿತು. ವರ್ಷಗಟ್ಟಲೆ ಎಣಿಸುತ್ತಲೇ ಇರುವ ಇಂತಹ ಕೆಲಸದಿಂದ ಕೂಡಲೇ ಕಾಣುವ ಪ್ರಯೋಜನವೇನು ಎಂಬ ಪ್ರಶ್ನೆ 1980ರ ದಶಕದಲ್ಲಿ ಬಲವಾಗಿ ಎದ್ದು, ಸರ್ಕಾರಿ ನೆರವು ನಿಂತು ಸಮೀಕ್ಷೆ ಮುಚ್ಚಿಹೋಗುವ ಸ್ಥಿತಿ ಬಂದಿತು. ಹಲವು ದೇಶಗಳ ವಿಜ್ಞಾನಿಗಳ ಒತ್ತಾಯ ಮತ್ತು ಬೆಂಬಲದಿಂದ 1990ರಲ್ಲಿ ಹಾರ್ಡಿಯವರ ಹೆಸರಿನಲ್ಲಿಯೇ ಒಂದು ಪ್ರತಿಷ್ಠಾನ ಸ್ಥಾಪನೆಯಾಗಿ ಸಮೀಕ್ಷೆ ಉಳಿಯಿತು. 2018ರಿಂದ ಅದು ಪ್ಲಿಮತ್‌ನ ಸಾಗರಜೀವಿ ಸಂಘದ ಭಾಗವಾ��ಿದೆ. ಈವರೆಗೆ ಯಂತ್ರಗಳು ಸಾಗಿರುವ ದೂರ 60 ಲಕ್ಷ ನಾಟಿಕಲ್ ಮೈಲಿಗಳಿಗೂ ಹೆಚ್ಚು.

ಆ ದಾಖಲೆಯ ಬೆಲೆ ತಿಳಿದದ್ದು ಅನಂತರವೇ. ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಬೆಚ್ಚನೆಯ ನೀರಿನ ಕೋಪಿಪಾಡ್‌ಗಳು ಸುಮಾರು 40 ವರ್ಷಗಳಲ್ಲಿ ಅಕ್ಷಾಂಶದ 10 ಡಿಗ್ರಿಯಷ್ಟು ಉತ್ತರಕ್ಕೆ ಸರಿದಿವೆ ಎಂದು 2002ರಲ್ಲಿ ಈ ಲೆಕ್ಕಗಳಿಂದ ತಿಳಿದುಬಂದಿತು. ಉತ್ತರ ಸಮುದ್ರದಲ್ಲಿ ತಣ್ಣೀರಿನ ಕ್ಯಾಲನಸ್ ಕುಗ್ಗಿ, ಅದರ ಸ್ಥಾನಕ್ಕೆ ಬೆಚ್ಚನೆಯ ನೀರಿನ ಸೋದರ ಜಾತಿಯಾದ ಕ್ಯಾಲನಸ್ ಹೆಲ್ಗೊಲಾಂಡಿಕಸ್ ಬಂದಿತು. ಮೊದಲನೆಯದು ಹೆಚ್ಚುವುದು ವಸಂತದಲ್ಲಿ. ಎರಡನೆಯದು ಬೇಸಿಗೆಯ ಕೊನೆ ಮತ್ತು ಶರತ್ಕಾಲದಲ್ಲಿ. ವಸಂತದಲ್ಲಿ ಮೊಟ್ಟೆಯೊಡೆದು ಬರುವ ಕಾಡ್ ಮೀನಿನ ಮರಿಗಳಿಗೆ ಆಹಾರ ಬೇಕಾದ ಸಮಯದಲ್ಲಿ ಅದು ಇಲ್ಲದಂತಾಯಿತು. ಅತಿಯಾದ ಮೀನುಗಾರಿಕೆಯ ಜೊತೆಗೆ ಇದೂ ಕಾಡ್ ಮೀನಿನ ಇಳಿಕೆಗೆ ಕಾರಣವೆಂದು ವಿಜ್ಞಾನಿಗಳು 2003ರಲ್ಲಿ ತೋರಿಸಿದರು. ಕಾಪಿಟ್ಟಿದ್ದ ಹಳೆಯ ರೇಷ್ಮೆಯ ಮಾದರಿಗಳನ್ನು ಪರೀಕ್ಷಿಸಿ, ಸಮುದ್ರದಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು 1960ರ ದಶಕದಿಂದ ಹೆಚ್ಚಿರುವುದನ್ನು 2004ರಲ್ಲಿ ಪತ್ತೆಹಚ್ಚಲಾಯಿತು. ಹೆರಿಂಗ್ ಮೀನುಗಾರರಿಗಾಗಿ ರೂಪುಗೊಂಡ ಯಂತ್ರ, ತನ್ನ ನಿರ್ಮಾಪಕರು ಕೇಳಿರದ ಪ್ರಶ್ನೆಗಳಿಗೂ ಹೀಗೆ ಉತ್ತರ ನೀಡುತ್ತಿದೆ.

ಪ್ರಮುಖ ಕೃತಿಗಳು

ದಿ ಓಪನ್ ಸೀ: ದಿ ವರ್ಲ್ಡ್ ಆಫ್ ಪ್ಲಾಂಕ್ಟನ್ (1956)
ದಿ ಓಪನ್ ಸೀ: ಫಿಶ್ ಅಂಡ್ ಫಿಶರೀಸ್ (1959)
ದಿ ಲಿವಿಂಗ್ ಸ್ಟ್ರೀಮ್ (1965)
ದಿ ಡಿವೈನ್ ಫ್ಲೇಮ್ (1966)
ಗ್ರೇಟ್ ವಾಟರ್ಸ್ (1967)
ದಿ ಸ್ಪಿರಿಚುಯಲ್ ನೇಚರ್ ಆಫ್ ಮ್ಯಾನ್ (1979)